ಬೆಳಗಿನ ಮರಳು

ಮೊದಲ ದಿನ ನಾನು ತೆಗೆದದ್ದು
ನಲವತ್ತೊಂದು ಶಾಟು, ಅದರಲ್ಲಿ ಮೂವತ್ತು ಬರೀ ಹೊಗೆ.
ಶಿವಮೊಗ್ಗದ ರೈಲು ಹಳಿಯಾಚೆ, ಮಂಡಕ್ಕಿ ಭಟ್ಟಿಯೊಳಗೆ
ಕಂಡಕಂಡದ್ದಕ್ಕೆಲ್ಲ ಜೂಮು: ಉರಿಗೆ, ಜರಡಿಗೆ,
ಗೋಡೆಯ ಹಲ್ಲಿಗೂ.
ಹಸಿದು ಬಂದವಳು ಮದುವೆ ಪಂಕ್ತಿಯಲ್ಲಿ
ಬೇಡ ಅನ್ನದೆ ಎಲೆ ತುಂಬಿಸಿಕೊಂಡ ಹಾಗೆ.

ನಮ್ಮ ಸರಂಜಾಮು ಇಷ್ಟೇ: ಕಾಲೇಜಿನ ಒಂದು ಕ್ಯಾಮೆರಾ,
ಬಣ್ಣ ಬಳಿಯುವ ಕೋಲಿನ ತುದಿಗೆ ಕಟ್ಟಿದ ಮೈಕು,
ಅದನ್ನು ಹಿಡಿಯಲು ತಬಸ್ಸುಮ್,
ಕ್ಲ್ಯಾಪ್ ಹೊಡೆಯಲು ಟೇಕಪ್ಪ.
ಅವನ ತಾತನ ಹೆಸರದು, ಶಿಕಾರಿಪುರದ ಕಡೆಯದು.
ನಾನು ‘ಟೇಕ್’ ಎಂದಾಗಲೆಲ್ಲ ಅವನು ‘ಹ್ಞಾಂ?’ ಎಂದ.
ಮೂರು ಶಾಟುಗಳಲ್ಲಿ ಆ ‘ಹ್ಞಾಂ’ ಹಾಗೇ ಕೂತಿದೆ.

ಕರಿಬಸಮ್ಮ ಮರಳು ಕೆದಕುವ ಕೈ ನಿಲ್ಲಿಸದೆ ಕೇಳಿದಳು:
‘ಯಾರನ್ನ ತೆಗಿಯಾಕ ಹತ್ತೀಯವ್ವಾ,
ನನ್ನನ್ನೋ, ಹೊಗೀನೋ?’

ನನಗೆ ಗೊತ್ತಿರಲಿಲ್ಲ.
ರಾತ್ರಿ ಹಾಸ್ಟೆಲ್ಲಿನಲ್ಲಿ ಹೊದಿಕೆಯೊಳಗೆ ಲ್ಯಾಪ್‌ಟಾಪ್ ತೆರೆದರೆ
ಎಡಗೈಯ ಹಸಿರು ಬಳೆ ಮುಂದಿನ ಶಾಟಿಗೆ ಮಾಯ.
ಮೊರ ಎತ್ತುತ್ತಾಳೆ, ಇಳಿಸುವುದೇ ಇಲ್ಲ.
ಬಾಗಿಲಿಂದ ಒಳಬಂದವಳು
ಗೋಡೆಯೊಳಗಿಂದ ಹೊರಟುಹೋಗುತ್ತಾಳೆ.

ಎರಡನೇ ವಾರ ಕ್ಯಾಮೆರಾವನ್ನು
ಅಕ್ಕಿ ಮೂಟೆಯ ಮೇಲಿಟ್ಟು ಕೈ ತೆಗೆದೆ.
ಕಲಿತ ಮೊದಲ ವಿದ್ಯೆ ಅದೇ, ಕೈ ತೆಗೆಯುವುದು.
ಹತ್ತು ನಿಮಿಷ ಏನೂ ಆಗಲಿಲ್ಲ.
ಹನ್ನೊಂದನೆಯದರಲ್ಲಿ ಅವಳು ನಮ್ಮನ್ನು ಮರೆತು
ಸೆರಗಿಂದ ಕತ್ತು ಒರೆಸಿಕೊಂಡು
ಒಂದು ಹಿಡಿ ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು
ಉಪ್ಪು ಕಡಿಮೆಯೆಂದು ಮುಖ ಕಿವುಚಿದಳು.
ಫೋಕಸ್ ಅರ್ಧ ಹೋಗಿತ್ತು, ಝಳಕ್ಕೆ ಗಾಳಿಯೇ ಅದುರುತ್ತಿತ್ತು.
ಅದೇ ಶಾಟು ಉಳಿಯಿತು.

ಅವಳ ಮುಖದ ಒಂದು ಮಗ್ಗುಲಿಗೆ ಉರಿಯ ಕೆಂಪು,
ಇನ್ನೊಂದಕ್ಕೆ ಟ್ಯೂಬ್‌ಲೈಟಿನ ಹಳಸಲು ನೀಲಿ.
ಎಷ್ಟು ತಿದ್ದಿದರೂ ಒಂದಾಗದ ಎರಡು ಬಣ್ಣ.
ಕೊನೆಗೆ ಟ್ಯೂಬ್‌ಲೈಟ್ ಆರಿಸಿದೆ.
‘ಕರೆಂಟ್ ಹೋದಾಗ ಹಿಂಗೇ ಇರ್ತೈತಿ’ ಎಂದಳು,
ಮತ್ತೆ ಕೆಲಸಕ್ಕೆ ಬಾಗಿದಳು.

ಎಡಿಟಿಂಗ್ ಎಂದರೆ ಕತ್ತರಿ ಎಂದುಕೊಂಡಿದ್ದೆ.
ಸೇತುವೆಯ ಮೇಲಿಂದ ತೆಗೆದ ತುಂಗೆಯ ಸಂಜೆ,
ನಾನು ತೆಗೆದದ್ದರಲ್ಲೇ ಚೆಂದದ್ದು,
ಅದಕ್ಕಾಗಿ ಎರಡು ಬಸ್ಸು ಬಿಟ್ಟುಕೊಟ್ಟಿದ್ದೆ.
ಯಾರೂ ಬೇಡ ಅನ್ನಲಿಲ್ಲ.
ಒಂದು ಬೆರಳಲ್ಲಿ ಅಳಿಸಿ, ಕೆಳಗಿಳಿದು ಹೋಗಿ
ಚಹಾ ಕುಡಿದೆ. ಸಕ್ಕರೆ ಹಾಕಿರಲಿಲ್ಲ, ತಿಳಿಯಲೇ ಇಲ್ಲ.

ಏಳು ನಿಮಿಷದ ಸಿನಿಮಾ.
ಸೆಮಿನಾರ್ ಹಾಲಿನಲ್ಲಿ ಚಪ್ಪಾಳೆ ಬಿತ್ತು, ಅಂಕವೂ ಬಿತ್ತು.
ಸಂಜೆ ಭಟ್ಟಿಗೆ ಹೋಗಿ ಫೋನು ಕೊಟ್ಟೆ.
ಕರಿಬಸಮ್ಮ ತನ್ನನ್ನು ತಾನು ಅರೆಗಳಿಗೆ ನೋಡಿ
ಫೋನನ್ನು ಕಿವಿಗೆ ಒತ್ತಿಕೊಂಡಳು,
ಆ ಕಡೆ ಯಾರೋ ಮಾತಾಡುತ್ತಿರುವ ಹಾಗೆ.
‘ಇದು ಸಂಜೀ ಭಟ್ಟಿ ಸಪ್ಪಳ.
ಕಾಣಿಸ್ತಿರೋದು ಮುಂಜಾನೆ.
ಮುಂಜಾನಿ ಮರಳು ಹಿಂಗ ಮಾತಾಡಂಗಿಲ್ಲ.’

ನಿಜ. ಆ ಬೆಳಗಿನ ಸದ್ದನ್ನು
ಗೂಡ್ಸ್ ರೈಲೊಂದು ತಿಂದುಹಾಕಿತ್ತು.
ಸಂಜೆಯದನ್ನು ತೇಪೆ ಹಾಕಿದ್ದೆ, ನಾಜೂಕಾಗಿ.
ಮೇಷ್ಟ್ರಿಗೆ ತಿಳಿದಿರಲಿಲ್ಲ,
ನಾಲ್ಕು ಸಲ ಹೆಡ್‌ಫೋನ್ ಹಾಕಿದ ತಬಸ್ಸುಮಿಗೂ.

ಮರುದಿನ ನಸುಕಿನ ನಾಲ್ಕಕ್ಕೆ ಹೋದೆವು,
ಕ್ಯಾಮೆರಾ ಬಿಟ್ಟು, ಕೋಲು ಮೈಕು ಮಾತ್ರ.
ಹೊಟ್ಟಿನ ಉರಿ ಏರಿತು. ರಾತ್ರಿಯಿಡೀ ತಣ್ಣಗಿದ್ದ ಮರಳು
ಮೊದಲು ಮುಲುಗಿತು, ಆಮೇಲೆ
ಯಾರೋ ದೂರದಲ್ಲಿ ರೇಷ್ಮೆ ಸೀರೆ ಮಡಚಿದ ಹಾಗೆ,
ಆಮೇಲೆ ಅದೂ ಇಲ್ಲ.

ನಾನು ‘ಟೇಕ್’ ಎನ್ನಲಿಲ್ಲ.
ಟೇಕಪ್ಪ ಮೂಟೆಗೆ ಒರಗಿ ನಿದ್ದೆ ಹೋಗಿದ್ದ.
ಅಕ್ಕಿಯ ಮೊರ ಎತ್ತಿ ಹಿಡಿದ ಕರಿಬಸಮ್ಮ
ನನ್ನತ್ತ ತಿರುಗಿ ಪಿಸುಗುಟ್ಟಿದಳು, ‘ಹಾಕ್ಲೇನು?’

ಅದೂ ಮೈಕಿನಲ್ಲಿದೆ.
ಕತ್ತರಿಸುವುದಿಲ್ಲ.